ಮನೆ ಹಿಂದಿನ ಬರೆಗೆ ಗನೈಟಿಂಗ್ ಮಾಡಿಸುದಾದ್ರೆ

ಮಂಗಳೂರಲ್ಲಿ ಸಮತಟ್ಟು ಜಾಗ ಎಲ್ಲುಂಟು ಮಾರ್ರೆ, ಗುಡ್ಡಕ್ಕೆ ಜೆಸಿಬಿ ಹಾಕಿ ನೇರ ಕಡಿದು ಸೈಟ್ ಮಾಡುದು, ಆಮೇಲೆ ಜೂನ್ ಬಂದ ಕೂಡ್ಲೆ ಹಿಂದಿನ ಬರೆ, ಅಂದ್ರೆ ಆ ಕಡಿದ ಗುಡ್ಡದ ಮುಖ, ನೋಡಿ ನೋಡಿ ನಿದ್ದೆ ಇಲ್ಲ. ಈಗ ಎಲ್ಲರೂ ಗನೈಟಿಂಗ್, ಅಂದ್ರೆ ಕಾಂಕ್ರೀಟ್ ಸ್ಪ್ರೇ, ಮಾಡಿಸಿ ಅಂತಾರೆ. ಮಾಡಿಸಿ, ಆದ್ರೆ ಅದು ಬರೆಗೆ ಹಾಕುವ ಚರ್ಮ ಅಷ್ಟೇ, ತಡೆಗೋಡೆ ಅಲ್ಲ.

ನಮ್ಮಲ್ಲಿ ಮೇಲೆ ಕೆಂಪುಕಲ್ಲು, ಅದರಡಿ ಶೇಡಿ ಅಂತ ಬಿಳಿ ಜೇಡಿ ಮಣ್ಣು. ಒಣಗಿದಾಗ ಕಲ್ಲಿನ ಹಾಗೆ ನಿಲ್ತದೆ, ನೀರು ಕುಡಿದ್ರೆ ಬಲವೇ ಇಲ್ಲ. ಶೇಡಿ ಕಂಡ್ರೆ, ಅಥವಾ ಬರೆ ಎರಡಾಳೆತ್ತರ ಮೀರಿದ್ರೆ, ಮೊದಲು ಮಣ್ಣಿನ ವಿಷಯ ಗೊತ್ತಿರುವ ಇಂಜಿನಿಯರಿಗೆ ತೋರಿಸಿ, ಒಳಗೆ ಕೊರೆದು ರಾಡ್ ಇಟ್ಟು ಗ್ರೌಟ್, ಅಂದ್ರೆ ತೆಳು ಸಿಮೆಂಟ್ ಕಲಸು, ತುಂಬುವ ಸಾಯಿಲ್ ನೈಲಿಂಗ್ ಬೇಕಾಗ್ಬಹುದು.

ಕೆಲಸ ಜನವರಿ ಫೆಬ್ರವರಿಯಲ್ಲೇ ಇಟ್ಕೊಳ್ಳಿ. ಸಡಿಲ ಮಣ್ಣು, ಬೇರು ಎಲ್ಲ ಕೆರೆದು ತೆಗ್ದು, ಬರೆಯ ತಲೆ ಮೇಲೆ ಒಂದು ಚರಂಡಿ ಮಾಡಿ ಮಳೆನೀರು ಬದಿಗೆ ಹೋಗುವ ಹಾಗೆ ಮಾಡಿ. ಆಮೇಲೆ ವೆಲ್ಡ್‌ಮೆಶ್, ಅಂದ್ರೆ ಬೆಸುಗೆ ಹಾಕಿದ ಕಬ್ಬಿಣದ ಬಲೆ, ಅದು ಮಣ್ಣಿಗೆ ಅಂಟಿ ಕೂರಬಾರದು, ಒಂದಿಂಚಾದ್ರೂ ಅಂತರ ಬೇಕು, ಅಲುಗಾಡದ ಹಾಗೆ ಬಿಗಿದಿರ್ಬೇಕು. ಇನ್ನು ನೀರು ಹೊರಗೆ ಬರ್ಲಿಕ್ಕೆ ಪಿವಿಸಿ ಪೈಪ್: ಸ್ವಲ್ಪ ಹೊರಕ್ಕೆ ಇಳಿಜಾರಾಗಿ, ಮಣ್ಣಿನ ಕಡೆಯ ಬಾಯಿಗೆ ಫಿಲ್ಟರ್ ಬಟ್ಟೆ ಕಟ್ಟಿ. ಸ್ಪ್ರೇ ಮಾಡುವಾಗ ಹೊರಗಿನ ಬಾಯಿಗೆ ಗೋಣಿ ತುರುಕಿ, ಇಲ್ಲಾಂದ್ರೆ ಕಾಂಕ್ರೀಟ್ ತುಂಬಿ ಪೈಪ್ ಹಾಕಿದ್ದೇ ದಂಡ. ಕೆಲಸ ಆದ್ಮೇಲೆ ಆ ಗೋಣಿ ತೆಗಿಲಿಕ್ಕೆ ಮರೆಯುವವರೂ ಇದ್ದಾರೆ, ನಾನೇ ನೋಡಿದ್ದೇನೆ.

ಗನೈಟಿಂಗ್ ಅಂದ್ರೆ ಡ್ರೈ ಮಿಕ್ಸ್. ಕಾರ್ಲ್ ಏಕ್ಲಿ ಅಂತ, ಶಿಕಾಗೋ ಮ್ಯೂಸಿಯಂನಲ್ಲಿ ಸತ್ತ ಪ್ರಾಣಿಗಳನ್ನು ಜೀವಂತ ಕಾಣುವ ಹಾಗೆ ನಿಲ್ಲಿಸುತ್ತಿದ್ದವನು, 1907ರ ಹೊತ್ತಿಗೆ ಮಾಡಿದ ಸಿಮೆಂಟ್ ಗನ್ನಿನ ವಂಶವೇ ಇದು. ಸಿಮೆಂಟು ಮರಳು ಒಣಗಿದ್ದೇ ಗಾಳಿ ಒತ್ತಡಕ್ಕೆ ಹೋಸಲ್ಲಿ ಬರ್ತದೆ, ನೀರು ಸೇರುದು ನಾಝಲ್ ತುದಿಯಲ್ಲಿ, ಎಷ್ಟು ಅಂತ ನಿರ್ಧಾರ ಮಾಡುದು ಹಿಡ್ಕೊಂಡವನ ಕೈ. ವೆಟ್ ಮಿಕ್ಸಲ್ಲಿ ನೀರು ಮೊದಲೇ ಕಲಸಿರ್ತದೆ, ಧೂಳು ಕಮ್ಮಿ, ಆದ್ರೆ ಪಂಪ್ ಎಲ್ಲ ಬೇಕು, ಸಣ್ಣ ಬರೆಗೆ ಖರ್ಚು ಜಾಸ್ತಿ. ಡ್ರೈ ಮಿಕ್ಸಲ್ಲಿ ನೀರಿನ ಲೆಕ್ಕ ಕೈಯಲ್ಲೇ ಉಂಟಲ್ಲ, ಹಾಗಾಗಿ ರೇಟಿಗಿಂತ ಮೊದಲು ನಾಝಲ್ ಹಿಡಿಯುವವನ ಹಳೆ ಕೆಲಸ ನೋಡಿ.

ಅವನು ಗೋಡೆಯಿಂದ ಒಂದೂವರೆ ಮೀಟರ್ ಒಳಗೆ, ನೇರ ಎದುರು ನಿಂತು, ಸಣ್ಣ ಸುತ್ತು ಸುತ್ತಾ ಕೆಳಗಿಂದ ಮೇಲಕ್ಕೆ ಹೋಗ್ಬೇಕು. ಓರೆ ಹೊಡೆದ್ರೆ ಮೆಶ್ ಹಿಂದೆ ಟೊಳ್ಳು ಉಳೀತದೆ. ಕೆಳಗೆ ಹಾರಿ ಬಿದ್ದ ಮರಳನ್ನು ಬಾಚಿ ವಾಪಸ್ ಮೆಷಿನಿಗೆ ಸುರಿಲಿಕ್ಕೆ ನೋಡಿದ್ರೆ ಅಲ್ಲೇ ನಿಲ್ಲಿಸಿ, ಅದ್ರಲ್ಲಿ ಸಿಮೆಂಟ್ ಇರುದೇ ಕಮ್ಮಿ. ದಪ್ಪ 75ರಿಂದ 100 ಮಿಲಿಮೀಟರ್ ಅಂತ ಒಪ್ಪಂದ ಆದ್ರೆ ಮೊದಲೇ ಅಳತೆಗೆ ಮೊಳೆ ನಿಲ್ಲಿಸಿ, ಮೊಳೆ ಮುಚ್ಚಿದ್ರೆ ದಪ್ಪ ಬಂತು.

ಏಳು ದಿನ ಗೋಣಿ ಹಾಕಿ ನೀರು ಬಿಡಿ, ನಮ್ಮ ಬಿಸಿಲಿಗೆ ಬಿರುಕು ಬರ್ಲಿಕ್ಕೆ ಒಂದು ಮಧ್ಯಾಹ್ನ ಸಾಕು. ಗಟ್ಟಿಯಾದ್ಮೇಲೆ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ನೋಡಿ, ಡಬ್ ಡಬ್ ಅಂದ್ರೆ ಒಳಗೆ ಟೊಳ್ಳು, ಕಡಿದು ಪುನಃ ಹೊಡೆಸಿ, ಅಲ್ಲಿವರೆಗೆ ಕೊನೆ ಕಂತು ಕೊಡ್ಬೇಡಿ.

ಮೊದಲ ದೊಡ್ಡ ಮಳೆಗೆ ಕೊಡೆ ಹಿಡ್ಕೊಂಡು ಹೋಗಿ ಪೈಪ್ ನೋಡಿ. ತಿಳಿನೀರು ಸುರೀತಾ ಉಂಟಾ, ಒಳ್ಳೇದು. ಬಿಳಿ ಕೆಸರು ಬಂದ್ರೆ ಹಿಂದಿನ ಶೇಡಿ ಕರಗ್ತಾ ಉಂಟು, ಇಂಜಿನಿಯರಿಗೆ ಫೋನ್ ಮಾಡಿ, ಆ ಬದಿಯ ಕೋಣೆಯಲ್ಲಿ ಮಲಗ್ಬೇಡಿ.