ನಿರೂಪಕನಿಗೆ ಆಟಿಸಂ ಇರುವ ಕಾದಂಬರಿ: ಚರ್ಚೆ ಶುರು ಮಾಡಲು ಒಂದು ದಾರಿ

ನಿರೂಪಕನಿಗೆ ಆಟಿಸಂ ಇರುವ ಕಾದಂಬರಿ ಪಾಠಕ್ಕಿದ್ದರೆ, ‘ಅವನಿಗೆ ಏನನ್ನಿಸಿತು?’ ಎಂಬ ಪ್ರಶ್ನೆಯಿಂದ ಶುರು ಮಾಡಬೇಡಿ. ಒಂದೇ ಪುಟ ಕೊಟ್ಟು ಎರಡು ಕಾಲಂ ಬರೆಸಿ: ಅವನು ಕಂಡದ್ದು, ಕೇಳಿದ್ದು ಒಂದರಲ್ಲಿ, ನಾವು ಊಹಿಸಿದ್ದು ಇನ್ನೊಂದರಲ್ಲಿ. ಇಂಥ ನಿರೂಪಕ ಭಾವನೆಗೆ ಹೆಸರಿಡದೇ ಇರಬಹುದು, ಆದರೆ ವಿವರಗಳಲ್ಲಿ ಅದು ಇದ್ದೇ ಇರುತ್ತದೆ. ಗದ್ದಲದ ರೈಲು ನಿಲ್ದಾಣದಲ್ಲಿ ಅವನು ಕಿವಿ ಮುಚ್ಚಿಕೊಂಡು ಒಂದೊಂದೇ ಬೋರ್ಡು ಓದುತ್ತಾ ನಿಂತರೆ, ಅದು ಭಯವೇ ಅಲ್ವಾ? ‘ಇವನಿಗೆ ಭಾವನೆಯೇ ಇಲ್ಲ’ ಎನ್ನುವ ಮಕ್ಕಳೂ ಇಲ್ಲಿಂದ ಮಾತಾಡತೊಡಗುತ್ತಾರೆ. ಎರಡನೇ ಕಾಲಂನಲ್ಲಿ ಸುಮ್ನೆ ‘ಆಟಿಸಂ ಇದೆ, ಅದಕ್ಕೇ’ ಎಂದು ಬರೆದರೆ ಇದು ಕೈಕೊಡುತ್ತದೆ. ಆ ಪದ ಬಿಟ್ಟು ಬರೆಯಲು ಹೇಳಿ. ಬೇರೆ ಪಾತ್ರಗಳೇ ಇಲ್ಲದ ಪುಟದಲ್ಲೂ ಜಾಸ್ತಿ ಏನೂ ಸಿಗುವುದಿಲ್ಲ. ತರಗತಿಯಲ್ಲಿ ಆಟಿಸಂ ಇರುವ ವಿದ್ಯಾರ್ಥಿ ಇದ್ದರೆ, ದಯವಿಟ್ಟು ‘ನೀನೇ ಹೇಳು’ ಎಂದು ಎಬ್ಬಿಸಿ ನಿಲ್ಲಿಸಬೇಡಿ.