ಗುಜರಿಗೆ ಹಾಕು ಅಂದಿದ್ದ ಮಿನಿ ಟ್ರ್ಯಾಕ್ಟರಿಗೆ ರೋಟವೇಟರ್ ಕೂರಿಸಿದೆ

ಮೊನ್ನೆ ಐದು ಗಂಟೆ ತೋಟದಲ್ಲಿ ರೋಟವೇಟರ್ (ಬ್ಲೇಡ್ ತಿರುಗಿಸಿ ಮಣ್ಣು ಪುಡಿ ಮಾಡುವ ಸಲಕರಣೆ) ಹೊಡೆದೆ. ಆಮೇಲೆ ಬೇಕಂತಲೇ ರೋಟವೇಟರನ್ನು ಮೇಲೆತ್ತಿ, ಎಂಜಿನ್ ಆಫ್ ಮಾಡಿ ಊಟಕ್ಕೆ ಹೋದೆ. ಬಂದು ನೋಡಿದರೆ ಎರಡು ಬೆರಳಿನಷ್ಟೂ ಇಳಿದಿರಲಿಲ್ಲ. ಇದೇ ಗಾಡಿ ನೋಡಿ ಎರಡು ವರ್ಷದ ಹಿಂದೆ ಎಲ್ಲರೂ "ಗುಜರಿಗೆ ಹಾಕು ಮಾರಾಯ" ಅಂದಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಭದ್ರಾವತಿ ಕಡೆ, ಭದ್ರಾ ನಾಲೆ ಬಯಲಿನಲ್ಲಿ ಮೂರೂವರೆ ಎಕರೆ ಅಡಿಕೆ. ಮೊದಲು ಗದ್ದೆಯಾಗಿತ್ತು. 9 ಅಡಿ ಅಂತರ. ದೊಡ್ಡ ಟ್ರ್ಯಾಕ್ಟರ್ ಇಳಿಸಿದರೆ ತಿರುಗುವಾಗ ಮಡ್‌ಗಾರ್ಡ್ ಮರಕ್ಕೆ ಉಜ್ಜುತ್ತದೆ. ಟಿಲ್ಲರ್ ಹಿಡಿದು ನಡೆಯಲು ಸೊಂಟ ಒಪ್ಪುವುದಿಲ್ಲ. ಹಾಗಾಗಿ ಹಳೆಯ ಮಿತ್ಸುಬಿಷಿ ಶಕ್ತಿ ತಂದೆ. 18.5 ಎಚ್‌ಪಿ, ಮೂರು ಸಿಲಿಂಡರ್. ಸುಮಾರು 1 ಲಕ್ಷ 15 ಸಾವಿರ ಕೊಟ್ಟ ನೆನಪು. ಎಂಜಿನ್ ಗಟ್ಟಿ, ಇವತ್ತಿಗೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಆದರೆ ಮೊದಲು ಇಟ್ಟುಕೊಂಡವರು ವರ್ಷಗಟ್ಟಲೆ ಎಣ್ಣೆ ಬದಲಿಸದೆ, ಮಳೆಯಲ್ಲಿ ನಿಲ್ಲಿಸಿ, ಹಿಂದಿನ ಸಲಕರಣೆಯನ್ನು ಎಣ್ಣೆಯ ಒತ್ತಡದಲ್ಲಿ ಮೇಲೆತ್ತುವ ಲಿಫ್ಟ್ ಕೆಡಿಸಿದ್ದರು.

ಆ ಲಿಫ್ಟ್ ನನ್ನ ಒಂದು ಇಡೀ ವರ್ಷ ತಿಂದಿತು. ಬೆಳಿಗ್ಗೆ ಚೆನ್ನಾಗಿ ಏಳುತ್ತಿತ್ತು, ಅರ್ಧ ಗಂಟೆ ಕೆಲಸ ಮಾಡಿದ ಮೇಲೆ ಸುಮ್ನೆ ನಡುಗುತ್ತಿತ್ತು. ಮೊದಲ ಮೆಕ್ಯಾನಿಕ್ ಪಂಪ್ ಹೋಗಿದೆ ಅಂದರು. ಒಂಬತ್ತೂವರೆ ಸಾವಿರ ಕೊಟ್ಟು ಹೊಸ ಪಂಪ್ ಹಾಕಿಸಿದೆ, ಏನೂ ಬದಲಾಗಲಿಲ್ಲ. ಇನ್ನೊಬ್ಬರು ವಾಲ್ವ್ ಅಂದರು, ಅದಕ್ಕೂ ನಾಲ್ಕು ಸಾವಿರ ಹೋಯಿತು. ಕೊನೆಗೆ ನಾನೇ ಎಣ್ಣೆ ಇಳಿಸಿದೆ. ನೀರು ಸೇರಿ, ಹಾಲು ಜಾಸ್ತಿಯಾದ ಟೀ ಬಣ್ಣ! ಸ್ಟ್ರೈನರ್ ಜಾಲರಿ ತುಂಬಾ ಕೆಸರು ಮೆತ್ತಿಕೊಂಡಿತ್ತು. ಪಂಪಿಗೆ ಎಣ್ಣೆ ಎಳೆಯುವ ಸಕ್ಷನ್ ಪೈಪಿನ ಓ ರಿಂಗ್ (ರಬ್ಬರ್ ಬಳೆ) ಉಗುರಲ್ಲಿ ಮುಟ್ಟಿದರೆ ಪುಡಿಯಾಯಿತು. ಅಲ್ಲಿಂದಲೇ ಗಾಳಿ ಎಳೆಯುತ್ತಿತ್ತು. ಹೊಸ ರಿಂಗಿಗೆ 40 ರೂಪಾಯಿ.

ಆಮೇಲೆ ಲಿಫ್ಟ್ ಎದ್ದಿತು, ಆದರೆ ನಿಲ್ಲುತ್ತಿರಲಿಲ್ಲ. ಅದು ಬೇರೆ ಕಾಯಿಲೆ. ಏಳುವುದೇ ಇಲ್ಲ ಅಂದರೆ ಮೊದಲು ಸಕ್ಷನ್ ಕಡೆ ನೋಡಿ. ಎದ್ದು, ಎಂಜಿನ್ ಆಫ್ ಮಾಡಿದ ಮೇಲೆ ಬೇಗ ಇಳಿದರೆ ಪಿಸ್ಟನ್ ಸೀಲ್ ಅಥವಾ ವಾಲ್ವ್. ನನ್ನದರಲ್ಲಿ ಪಿಸ್ಟನ್ ಸೀಲ್ ಹೋಗಿತ್ತು, ಮುನ್ನೂರು ಚಿಲ್ಲರೆಗೆ ಮುಗಿಯಿತು. ಎಣ್ಣೆ ಎರಡು ಸಲ ಹಾಕಿ, ಓಡಿಸಿ, ಇಳಿಸಿ ತೊಳೆದೆ. ಆ ಖರ್ಚು ಹೊಟ್ಟೆ ಉರಿಸುತ್ತದೆ, ಆದರೆ ಒಂದೇ ಸಲಕ್ಕೆ ನೀರು ಪೂರ್ತಿ ಹೋಗುವುದಿಲ್ಲ.

ರೋಟವೇಟರ್ ವಿಷಯದಲ್ಲೂ ಮೊದಲು ಎಡವಿದೆ. ಸೋವಿ ಸಿಕ್ಕಿತೆಂದು 4 ಅಡಿಯದು ತಂದೆ. ಬದು ಹತ್ತುವಾಗ ಮುಂದಿನ ಚಕ್ರ ಮೇಲೆದ್ದವು, ಎದೆ ಧಸಕ್ಕೆಂದಿತು. ಐದು ಸಾವಿರ ನಷ್ಟಕ್ಕೆ ಅದನ್ನು ಮಾರಿ, ಮೂರು ಅಡಿ ಚಿಲ್ಲರೆಯ ಹಳೆಯದೊಂದನ್ನು 18 ಸಾವಿರಕ್ಕೆ ತಂದೆ. ಎಂಜಿನ್ ಶಕ್ತಿಯನ್ನು ರೋಟವೇಟರಿಗೆ ಮುಟ್ಟಿಸುವ ಪಿಟಿಓ ಶಾಫ್ಟನ್ನು ಹಾಗೇ ಜೋಡಿಸಿ ಲಿಫ್ಟ್ ಎತ್ತಿದೆ. ಟಣ್ ಅಂತ ಸದ್ದು. ಶಾಫ್ಟ್ ಉದ್ದವಾಗಿ ಒಳಗೆ ಒತ್ತಿ, ರೋಟವೇಟರಿನ ಬೇರಿಂಗ್ ಕವರ್ ಸೀಳಿತು. ಮೂರು ಸಾವಿರ ಹೋಯಿತು.

ಈಗ ಮಾಡುವುದು ಹೀಗೆ. ಶಾಫ್ಟನ್ನು ಎರಡು ತುಂಡಾಗಿ ಬಿಚ್ಚಿ ಎರಡೂ ಕಡೆ ಸಿಕ್ಕಿಸುತ್ತೇನೆ. ಲಿಫ್ಟನ್ನು ಕೆಳಗಿಂದ ಮೇಲಿನ ತನಕ ನಿಧಾನ ಎತ್ತಿ, ಅತಿ ಹತ್ತಿರ ಬರುವ ಜಾಗದಲ್ಲಿ ಗುರುತು ಹಾಕುತ್ತೇನೆ. ಅಲ್ಲೂ ಒಂದೂವರೆ ಇಂಚು ಸಂದು ಉಳಿಯಬೇಕು. ಒಳಗಿನ ಪೈಪ್, ಹೊರಗಿನ ಪೈಪ್, ಪ್ಲಾಸ್ಟಿಕ್ ಗಾರ್ಡ್ ಎಲ್ಲವನ್ನೂ ಸಮನಾಗಿ ಕತ್ತರಿಸುತ್ತೇನೆ. ಪೂರ್ತಿ ಇಳಿಸಿದಾಗಲೂ ಮೂರನೇ ಒಂದು ಭಾಗ ಒಳಗೇ ಇರಬೇಕು. ಜೋಡಿಸುವಾಗ ಎರಡು ತುದಿಯ ಯೋಕ್ (ಕವಲಿನಂಥ ಜೋಡಣೆ) ಒಂದೇ ನೇರಕ್ಕೆ ಬರಬೇಕು, ಇಲ್ಲದಿದ್ದರೆ ಗಾಡಿ ಪೂರ್ತಿ ನಡುಗುತ್ತದೆ. ಲಿಫ್ಟ್ ಲಿವರಿಗೆ ಒಂದು ತಡೆ ಬೋಲ್ಟ್ ಹಾಕಿದ್ದೇನೆ, ಬೇಕಾದಷ್ಟೇ ಏಳುತ್ತದೆ.

ರೋಟವೇಟರ್ ಸಿಕ್ಕಿಸುವ ಕೆಳಗಿನ ಲಿಂಕ್ ಪಿನ್ ಅಲ್ಲಾಡುತ್ತಿತ್ತು. ಶಿವಮೊಗ್ಗದ ಲೇತ್ ಅಂಗಡಿಯಲ್ಲಿ ಬುಶ್ (ಪಿನ್ನಿನ ಸುತ್ತ ಕೂರುವ ಬಳೆ) ಮಾಡಿಸಿದೆ. ಅದನ್ನು ಎರಡು ಭಾಗವಾಗಿ ಮಾಡಿಸಿದ್ದೇ ಅದರ ಗುಟ್ಟು. ಅಳತೆ ಮಾತ್ರ ಬರೆಯುವುದಿಲ್ಲ, ಅದಕ್ಕೆ ತುಂಬಾ ಓಡಾಡಿದ್ದೇನೆ.

ಅಡಿಕೆ ತೋಟದವರಿಗೆ ಒಂದು ಮಾತು. ಸೋಗೆ, ಹಾಳೆ ಹೆಕ್ಕದೆ ರೋಟವೇಟರ್ ಇಳಿಸಬೇಡಿ. ನಾರು ರೋಟರ್ ತುದಿಗೆ ಸುತ್ತಿ ಸೀಲ್ ತಿನ್ನುತ್ತದೆ. ನನಗೆ ಎರಡು ಸೀಲ್ ಹೋದವು. ಅಡಿಕೆಯ ಬೇರು ಮೇಲೆಯೇ ಇರುತ್ತದೆ, ಹಾಗಾಗಿ ಎರಡು ಇಂಚಿಗಿಂತ ಆಳ ಹೊಡೆಯುವುದಿಲ್ಲ. ಬುಡದಿಂದ ಎರಡೂವರೆ ಅಡಿ ಬಿಟ್ಟೇ ಹೋಗುತ್ತೇನೆ.

ನಡುವೆ ಔಷಧಿ ಸಿಂಪಡಿಸುವ ಎಚ್‌ಟಿಪಿ ಪಂಪಿನ ಹುಚ್ಚು ಹತ್ತಿತು. ಮನೆಯಲ್ಲಿದ್ದ ಮೂರು ಪಿಸ್ಟನ್ನಿನ ಪಂಪನ್ನೇ ಆ್ಯಂಗಲ್ ಫ್ರೇಮಿನ ಮೇಲೆ ಹಿಂದೆ ಕೂರಿಸಿದೆ. ಪಿಟಿಓ ಕಡೆ 10 ಇಂಚಿನ ಪುಲ್ಲಿ, ಪಂಪಿಗೆ 6 ಇಂಚಿನದು. ಪಿಟಿಓ ನಿಮಿಷಕ್ಕೆ 540 ಸುತ್ತಿಗೆ ಬರುವಂತೆ ರೇಸ್ ಇಟ್ಟರೆ ಪಂಪ್ 900 ಸುತ್ತುತ್ತದೆ. ಫ್ರೇಮಿಗೂ ಬೆಲ್ಟಿಗೂ ಸೇರಿ ಮೂರೂವರೆ ಸಾವಿರ ಆಯಿತು. ಕಳೆದ ವರ್ಷ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದದ್ದು ಇದರಲ್ಲೇ, ದೋಟಿ (ಉದ್ದ ಕೋಲು) ಹಿಡಿದು ನೆಲದಲ್ಲೇ ನಿಂತು. ಎತ್ತರದ ಮರದ ಗೊನೆಗೂ ಮಂಜಿನ ಹಾಗೆ ಬಿತ್ತು. ಮುಗಿದ ಕೂಡಲೇ ಪಂಪನ್ನು ಬರೀ ನೀರಲ್ಲಿ ಓಡಿಸಿ ತೊಳೆಯಿರಿ, ಬೋರ್ಡೋದಲ್ಲಿರುವ ಮೈಲುತುತ್ತ ವಾಲ್ವ್ ತಿನ್ನುತ್ತದೆ. ಗುಂಡಿ ತೆಗೆಯುವ ಆಗರ್ ಕೂಡ ಬಾಡಿಗೆಗೆ ತಂದು ನೋಡಿದೆ. ಗೊಚ್ಚು ಮಣ್ಣಲ್ಲಿ ಸಿಕ್ಕಿಹಾಕಿಕೊಂಡಿತು. ಗುದ್ದಲಿಯಲ್ಲಿ ಸುತ್ತ ಅಗೆದು ಬಿಡಿಸಿ, ಅವತ್ತೇ ವಾಪಸ್ ಕೊಟ್ಟೆ.

ಗಾಡಿ ಸೇರಿ ಒಟ್ಟು 1 ಲಕ್ಷ 70 ಸಾವಿರದ ಆಸುಪಾಸು ಆಗಿರಬಹುದು. ಅದರಲ್ಲಿ ಇಪ್ಪತ್ತು ಸಾವಿರದಷ್ಟು ಸುಮ್ನೆ ಹೋದದ್ದು. ಗುಜರಿ ಅಂದವರಲ್ಲಿ ಒಬ್ಬರು ಹೋದ ವಾರ ತಮ್ಮ ಪಿಟಿಓ ಶಾಫ್ಟ್ ತಂದು ಅಂಗಳದಲ್ಲಿ ಇಳಿಸಿದ್ದಾರೆ. ಗುರುತು ಹಾಕಿಟ್ಟಿದ್ದೇನೆ, ಭಾನುವಾರ ಕತ್ತರಿಸಬೇಕು.