“ಏನೂ ಆಗಲ್ಲ ಬಿಡು” ಅನ್ನೋದನ್ನ ಬಿಟ್ಟೆ

ಮೊದಲ ಮಗುವಿನ ಹೊತ್ತಿಗೆ ನಾನು ಮಾಡಿದ್ದು ದುಡ್ಡು ಕಳಿಸಿದ್ದಷ್ಟೇ. ಸೀಮಂತ ಮುಗಿಸಿಕೊಂಡು ಹೆಂಡತಿ ಶಿವಮೊಗ್ಗಕ್ಕೆ ತವರಿಗೆ ಹೋದಳು, ನಾನು ಬೆಂಗಳೂರಲ್ಲಿ ಉಳಿದೆ. ಫೋನಿನಲ್ಲಿ ಭಯ ಅಂದಾಗಲೆಲ್ಲ “ಏನೂ ಆಗಲ್ಲ ಬಿಡು” ಅನ್ನುತ್ತಿದ್ದೆ. ಕೊನೆಗೆ ಅವಳು ಹೇಳುವುದನ್ನೇ ನಿಲ್ಲಿಸಿಬಿಟ್ಟಳು. ಅದು ಇವತ್ತಿಗೂ ಚುಚ್ಚುತ್ತದೆ.

ಎರಡನೇ ಸಲ ಹಾಗಾಗಬಾರದು ಅಂತ ಹಟ ಹಿಡಿದೆ. ರಾತ್ರಿ ಊಟ ಆದಮೇಲೆ ಅರ್ಧ ಗಂಟೆ, ಮೊಬೈಲು ಅಡುಗೆಮನೆಯಲ್ಲಿ. ಕೊಬ್ಬರಿ ಎಣ್ಣೆ ಬಿಸಿ ಮಾಡಿ ಅವಳ ಪಾದಕ್ಕೆ ತಿಕ್ಕುತ್ತಾ “ಇವತ್ತು ಯಾವುದಕ್ಕೆ ಹೆದರಿಕೆ ಆಯ್ತು?” ಅಂತ ಕೇಳುತ್ತಿದ್ದೆ. ಎರಡು ವಾರ ಬರೀ “ಏನಿಲ್ಲ”. ಮೂರನೇ ವಾರ ನಾನೇ ಬಾಯಿಬಿಟ್ಟೆ: ಹೋದ ಸಲ ನಿನ್ನ ಬಿಪಿ ಏರಿತ್ತಲ್ಲ, ಅದು ನೆನಪಾದರೆ ನನಗೆ ನಿದ್ದೆ ಬರಲ್ಲ. ಅವಳು ಕಾಲು ಎಳೆದುಕೊಂಡು ಎದ್ದು ಕೂತಳು. ಅವತ್ತು ಮಾತು ಮುಗಿದಾಗ ಹನ್ನೆರಡು ದಾಟಿತ್ತು.

ಸ್ಕ್ಯಾನು, ತಿಂಗಳ ತಪಾಸಣೆ ಒಂದನ್ನೂ ಬಿಡಲಿಲ್ಲ. ಬಸುರಿಗೆ ಸಕ್ಕರೆ ಕಾಯಿಲೆ ಇದೆಯಾ ಅಂತ ನೋಡೋಕೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಕೂರಿಸುತ್ತಾರಲ್ಲ, ಆ ದಿನ ಅವಳಿಗೆ ವಾಕರಿಕೆ ತಡೆಯಲಾಗಲಿಲ್ಲ, ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದೆ. ಸರ್ಕಾರಿ ನೌಕರರಿಗಾದರೆ 15 ದಿನ ಪಿತೃತ್ವ ರಜೆ ಇದೆ, ನಮ್ಮಂಥ ಖಾಸಗಿಯವರಿಗೆ ಅಂಥ ಕಾನೂನಿಲ್ಲ. ಇದಕ್ಕೆಲ್ಲ ರಜೆ ಹಾಕಿ ಒಂಬತ್ತೋ ಹತ್ತೋ ದಿನದ ಸಂಬಳ ಹೋಯ್ತು, ಸುಮಾರು ಹದಿನೈದು ಸಾವಿರ. “ಗಂಡಸರಿಗೆ ಅಲ್ಲೇನು ಕೆಲಸ?” ಅಂತ ಅಮ್ಮ. ಅತ್ತೆಯವರದೂ ಅದೇ ರಾಗ.

ಆರು ತಿಂಗಳು ದಾಟಿದ ಮೇಲೆ ಹೊಟ್ಟೆಯ ಹತ್ತಿರ ಪೇಪರ್ ಓದಿ ಎಷ್ಟು ಸಲ ಒದೆಯುತ್ತೆ ಅಂತ ಬರೆದಿಡುತ್ತಿದ್ದೆ. ಮಿಕ್ಸಿ ಸದ್ದಿಗೂ ಅಷ್ಟೇ ಒದೆಯಿತು, ಆ ಲೆಕ್ಕ ಬಿಟ್ಟೆ. ಆದರೆ ಒದ್ದ ಜಾಗಕ್ಕೆ ಅವಳೇ ನನ್ನ ಕೈ ಹಿಡಿದು ಇಡುತ್ತಿದ್ದಳಲ್ಲ, ಅದಕ್ಕಾಗಿ ಓದುವುದನ್ನು ಬಿಡಲಿಲ್ಲ. ನಡುರಾತ್ರಿ ಅಳು ಬಂದಾಗ ನಾನು ಮಾಡುತ್ತಿದ್ದದ್ದು ಇನ್ನೊಂದಿದೆ, ಅದು ನಮ್ಮಿಬ್ಬರ ನಡುವೆಯೇ ಇರಲಿ.

ಎಂಟು ತುಂಬಿದ ಮೇಲೆ ಈ ಸಲವೂ ತವರಿಗೇ ಹೋದಳು. ಪ್ರತಿ ಶನಿವಾರ ನಾನು ಬಸ್ಸು ಹತ್ತುತ್ತಿದ್ದೆ, ಹೋಗಿಬರೋಕೆ ಸಾವಿರದ ಹತ್ತಿರ. ಒಂದು ಬುಧವಾರ ರಾತ್ರಿ ಎರಡು ಗಂಟೆಗೆ ಫೋನು. “ರೀ, ಭಯ ಆಗ್ತಿದೆ, ಬನ್ನಿ.” ಸುಮಾರು 300 ಕಿಲೋಮೀಟರ್, ಸಿಕ್ಕಿದ ಮೊದಲ ಬಸ್ಸು ಹಿಡಿದೆ. ಹೆರಿಗೆ ಕೋಣೆಗೆ ಹೋಗುವ ಮುಂಚೆ ಹತ್ತು ನಿಮಿಷ ಕೈ ಹಿಡಿದು ಕೂರೋಕೆ ಸಿಕ್ಕಿತು.

ಈಗ ನಾದಿನಿಗೆ ನಾಲ್ಕು ತಿಂಗಳು. ಮೊನ್ನೆ ಅತ್ತೆ ಚಿಕ್ಕ ಅಳಿಯನಿಗೆ ಫೋನ್ ಮಾಡಿ, ಮುಂದಿನ ಸ್ಕ್ಯಾನಿಗೆ ರಜೆ ಹಾಕಿ ಅಂದರಂತೆ.